ಬೋರಲು ಮಲಗಿದ ವೇದಾಂತ

ಅರ್ಥವಾಗದ ಪುಸ್ತಕಗಳನ್ನು ನಾನು ಬಲು ಬೇಗ ಓದಿ ಮುಗಿಸುತ್ತೇನೆ. ನಿಂತು ಯೋಚಿಸುವುದಕ್ಕೆ ಏನಾದರೂ ತಿಳಿದಿದ್ದರೆ ತಾನೇ? ಹೀಗೆ ವೇದಾಂತದ ದಪ್ಪ ಪುಸ್ತಕವೊಂದನ್ನು ವಿದ್ಯಾರಣ್ಯಪುರದಿಂದ ಮೆಜೆಸ್ಟಿಕ್ಕಿಗೆ ಹೋಗಿಬರುವ ಬಸ್ಸಿನಲ್ಲೇ ಮುಗಿಸಿ, ಸಿಕ್ಕವರ ಮುಂದೆಲ್ಲ ಹೇಳಿಕೊಂಡಿದ್ದೆ. ಹಾಗೆ ಸಿಕ್ಕವರಲ್ಲಿ ಪಕ್ಕದ ಮನೆಯ ಸುಲೋಚನಮ್ಮನವರೂ ಒಬ್ಬರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು.

ಹೋದ ವರ್ಷ ಅವರ ಬಲಗಣ್ಣಿನ ರೆಟಿನಾ ಕಳಚಿಕೊಂಡಿತು. ಎಡಗಣ್ಣು ಮೊದಲಿನಿಂದಲೂ ಮಂಜು. ಆಪರೇಷನ್ ಮಾಡಿದ ಡಾಕ್ಟರು, ದೃಷ್ಟಿ ಎಷ್ಟು ಮರಳುತ್ತದೆಂದು ಈಗಲೇ ಹೇಳಲಾಗದು, ರೆಟಿನಾ ಮತ್ತೆ ಅಂಟಿಕೊಳ್ಳುವವರೆಗೆ ಬೋರಲು ಮಲಗಿರಿ ಎಂದರಂತೆ. ನೋಡಲು ಹೋದಾಗ ದಿಂಬಿನೊಳಗಿಂದಲೇ ಮಾತಾಡಿಸಿದರು. ಟಿವಿ ಕೇಳಿ ಕೇಳಿ ತಲೆ ಕೆಟ್ಟಿದೆ, ನಿಮ್ಮ ಆ ವೇದಾಂತವನ್ನಾದರೂ ಓದಿ ಹೇಳಿ ಎಂದರು.

ಮರುದಿನ ಗತ್ತಿನಿಂದಲೇ ಹೋದೆ. ನೋಡುವವನು ಬೇರೆ, ನೋಡಿಸಿಕೊಳ್ಳುವುದು ಬೇರೆ ಎಂಬ ವಿಚಾರ. ಎರಡನೆಯ ವಾಕ್ಯಕ್ಕೇ ದಿಂಬು ತಡೆಯಿತು.

“ಆದ್ದರಿಂದ ಅಂದ್ರಲ್ಲ, ಯಾವುದ್ರಿಂದ?”

ಆ ಪದವನ್ನು ನಾನು ಬಸ್ಸು ನಿಲ್ಲದ ಸ್ಟಾಪಿನ ಹಾಗೆ ದಾಟಿಕೊಂಡು ಬಂದಿದ್ದೆ. ಮುಂದೆ ತಿಳಿಯುತ್ತದೆ ಬಿಡಿ ಎಂದೆ. ತಮ್ಮ ವಿದ್ಯಾರ್ಥಿಗಳೂ ಹೀಗೇ ನಡುವಿನ ಹಂತಗಳನ್ನು ನುಂಗಿ ಉತ್ತರಕ್ಕೆ ಹಾರುತ್ತಿದ್ದರು ಎಂದರು ಅವರು. ಆ ವಾರವಿಡೀ ಒಂದೇ ಪ್ಯಾರಾದಲ್ಲಿ ಕೂತೆವು. ಮೊದಲು ಸಿಟ್ಟು ಬಂತು. ಆಮೇಲೆ ದೋಸೆ ಹುಯ್ಯುವಾಗಲೂ ಆ ‘ಆದ್ದರಿಂದ’ ತಲೆಯಲ್ಲಿ ಸುತ್ತತೊಡಗಿತು. ದಿನಾ ಮಧ್ಯಾಹ್ನ ಮನೆಯಲ್ಲೇ ಪಾಠ ತಯಾರಿ ಮಾಡಿಕೊಂಡು ಹೋಗುವಂತಾದೆ. ಪರೀಕ್ಷೆಗೂ ನಾನು ಹಾಗೆ ಓದಿದವಳಲ್ಲ.

ಒಂದು ಸಂಜೆ ಅವರು ತುಂಬ ಸೋತಿದ್ದರು.

“ಕಣ್ಣು ಬರ್ದೇ ಹೋದ್ರೆ, ನಿಮ್ಮ ಪುಸ್ತಕದ ಆ ನೋಡೋನು ಏನ್ ಮಾಡ್ತಾನ್ರೀ?” ಎಂದು ಕೇಳಿದರು.

ಆ ‘ಆದ್ದರಿಂದ’ದ ವಾಕ್ಯವನ್ನೇ ಇನ್ನೂ ನಿಧಾನವಾಗಿ ಓದಿದೆ. ಕೇಳುತ್ತಾ ಮಲಗಿದ್ದರು. ಮತ್ತೆ ಓದಿ ಎಂದರು. ಓದಿದೆ. ಆಮೇಲೆ ದಿಂಬಿನಿಂದ ಮಾತು ಬಂತು.

“ಈಗ ಬರೀ ಕತ್ತಲೆ. ಆದ್ರೆ ಕತ್ತಲೆ ಅಂತ ಗೊತ್ತಾಗ್ತಿದೆ ಅಲ್ವಾ? ಹಾಗಾದ್ರೆ ಅವನು ಎಲ್ಲೂ ಹೋಗಿಲ್ಲ ಕಣ್ರೀ.”

ಬಸ್ಸಿನಲ್ಲಿ ಇಡೀ ಪುಸ್ತಕ ಓದಿದರೂ ಸಿಗದ ಸಾಲು, ಬೆನ್ನು ಮಾತ್ರ ಕಾಣುವಂತೆ ಮಲಗಿದ್ದವರಿಂದ ಸಿಕ್ಕಿತ್ತು. ಆ ಸಂತೋಷಕ್ಕೆ ಇಬ್ಬರೂ ನಕ್ಕೆವು. ನಗುವಾಗಲೂ ತಲೆ ಎತ್ತಬಾರದೆಂದು ಸೊಸೆ ಸುಧಾ ಅಡುಗೆಮನೆಯಿಂದಲೇ ಎಚ್ಚರಿಸಿದಳು.

ದೃಷ್ಟಿ ಮುಕ್ಕಾಲು ಪಾಲು ಮರಳಿತು. ಈಗ ಅವರೇ ಪೇಪರ್ ಓದುತ್ತಾರೆ. ಸಂತೋಷದ ಜೊತೆಗೆ ಸ್ವಲ್ಪ ಬೇಜಾರೂ ಆಗಿ, ಪುಸ್ತಕವನ್ನು ಅವರ ಕೈಗಿಡಲು ಹೋದೆ. ಅದನ್ನು ನನ್ನ ಕಡೆಗೇ ತಳ್ಳಿದರು.

“ನೀವೇ ಓದಿ. ಕಣ್ಣಿಗೆ ಕೊಟ್ರೆ ಅದು ಹಂತ ಬಿಟ್ಟು ಓಡಿಬಿಡುತ್ತೆ.”

ಹಾಗಾಗಿ ಈಗಲೂ ಸಂಜೆ ಹೋಗುತ್ತೇನೆ. ಮೊನ್ನೆ ಸುಧಾ ಕಾಫಿ ತಂದಿಟ್ಟು, ಈ ಪುಸ್ತಕ ಯಾವಾಗ ಮುಗಿಯುತ್ತದೆಂದು ಕೇಳಿದಳು. ನಾವು ಮುಖ ಮುಖ ನೋಡಿಕೊಂಡೆವು. ಅದೂ ಒಂದು ದಿನ ಮುಗಿದುಹೋಗಬಹುದೆಂಬ ಯೋಚನೆಯೇ ನಮಗೆ ಬಂದಿರಲಿಲ್ಲ.