ಕಾಕು ತೋರಿಸಿದ ತ್ರಿಶಂಕು

ಮೊನ್ನೆ ಹಳೆಯ ಆಫೀಸ್ ಬ್ಯಾಗ್ ಕೊಡವಿದಾಗ ಒಳಗಿನಿಂದ ಒಂದು ಕಪ್ಪು ಕನ್ನಡಕ ಬಿತ್ತು. ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ ಆಸ್ಪತ್ರೆಯಲ್ಲಿ ಕೊಡುತ್ತಾರಲ್ಲ, ಪಕ್ಕಕ್ಕೂ ಮುಚ್ಚಿಕೊಳ್ಳುವಂಥದ್ದು, ಅದು. ಭಾಂಡುಪ್‌ನ ನಮ್ಮ ಬಿಲ್ಡಿಂಗಿನಲ್ಲಿ ಎದುರು ಮನೆಯಲ್ಲಿದ್ದ, ಚಿಕ್ಕಮ್ಮನೆಂಬಂತೆ ನಾನು ಕಾಕು ಎಂದು ಕರೆಯುತ್ತಿದ್ದವರದು. ಕೊನೆಯ ತಪಾಸಣೆ ಮುಗಿಸಿ ಬರುವಾಗ ಲೋಕಲ್‌ನಲ್ಲಿ ತೆಗೆದು, ಇನ್ನ ಸಾಕವ ಇದು, ಎಂದು ನನ್ನ ಬ್ಯಾಗಿಗೆ ತುರುಕಿದ್ದರು…

ಕಾಕು ವಿಜಯಪುರದ ಕಡೆಯವರು, ನಾವು ಧಾರವಾಡದವರು. ರಕ್ತಸಂಬಂಧವೇನೂ ಇರಲಿಲ್ಲ, ಆದರೂ ಅವರ ಮನೆಯಲ್ಲೇ ನಾನು ಅರ್ಧ ಬೆಳೆದೆ. ಬಿಸಿಲು ಏರಿತೆಂದರೆ ಬಿಲ್ಡಿಂಗಿನ ಮೇಲಿನ ಗಚ್ಚಿಯ ತುಂಬ ಅವರ ಸಂಡಿಗೆ. ರಾತ್ರಿ ಊಟವಾದ ಮೇಲೆ ಅದಕ್ಕೆ ಹಳೆ ಸೀರೆ ಹೊದಿಸಲು ನನ್ನನ್ನೂ ಎಳೆದೊಯ್ಯುತ್ತಿದ್ದರು. ಸೀರೆ ಬರೀ ನೆಪ. ತವರಿನಲ್ಲಿ ಮಾಳಿಗೆಯ ಮೇಲೆ ಮಲಗಿ ಬೆಳೆದವರು, ಅವರಿಗೆ ಬೇಕಿದ್ದದ್ದು ಆಕಾಶ.

"ಬೆಳ್ಳಗ ಹೊಳೀತದಲ್ಲ, ಅದು ಚಿತ್ತಾ. ಅದರ ಬಲಕ್ಕ ನಾಕ ಚುಕ್ಕಿ, ಹಸ್ತಾ. ಅಲ್ಲಿಂದ ಸೀದಾ ತೆಳಗ ಇಳಿ, ತ್ರಿಶಂಕು. ಕಾಣಸ್ತೇನ?"

ದಕ್ಷಿಣಕ್ಕೆ, ಘಾಟ್ಕೋಪರ್ ಕಡೆ, ದೀಪಗಳ ಮಬ್ಬು ಬಿಟ್ಟರೆ ನನಗೇನೂ ಕಾಣುತ್ತಿರಲಿಲ್ಲ. ಕೆಳಗೆ ಟಿವಿಯಲ್ಲಿ ಧಾರಾವಾಹಿ ಶುರುವಾಗುವ ಹೊತ್ತು. "ಹೂಂ ಕಾಕು, ಕಾಣಸ್ತು" ಎಂದುಬಿಡುತ್ತಿದ್ದೆ. ಅವರ ಮುಖ ಅರಳುತ್ತಿತ್ತು. ಪಾಪ, ಸ್ವರ್ಗವೂ ಇಲ್ಲ, ಭೂಮಿಯೂ ಇಲ್ಲ, ಲೋಕಲ್‌ನ ಬಾಗಿಲಲ್ಲಿ ಜೋತುಬಿದ್ದವರ ಹಾಗೆ ಅಂವ, ಎಂದು ನಗುತ್ತಿದ್ದರು. ವರ್ಷ ವರ್ಷವೂ ಇದೇ ಪ್ರಶ್ನೆ, ಇದೇ ಉತ್ತರ. ಸುಳ್ಳು ಹೇಳುತ್ತಿದ್ದೇನೆ ಎನ್ನುವುದು ಬರುಬರುತ್ತ ನನಗೇ ಮರೆತುಹೋಯಿತು.

ನಾನು ಪರೇಲ್‌ನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವರ ಎರಡೂ ಕಣ್ಣಿಗೆ ಪೊರೆ ಬಂತು. ಆಪರೇಶನ್ ಎಂದರೆ ಹೌಹಾರುತ್ತಿದ್ದರು. ಅವರ ಗಂಡ ಕಾಕಾ ಹೇಳಿ ಹೇಳಿ ಸೋತರು. ಕೊನೆಗೆ ನಾನೇ ಆಸೆ ಹಚ್ಚಿದೆ: ಕಣ್ಣು ಚೊಕ್ಕವಾದರೆ ತ್ರಿಶಂಕು ಎಷ್ಟು ಚಂದ ಕಾಣುತ್ತದೆ ಗೊತ್ತೇ? "ಹಂಗಾರ ಮಾಡಸ್ತೀನಿ" ಎಂದರು. ಮಾರ್ಚಿನಲ್ಲಿ ನಾನೇ ಕರೆದೊಯ್ದು ಮಾಡಿಸಿದೆ. ಮೇ ಬರುವವರೆಗೆ ಅವರಿಗೆ ಅದೊಂದೇ ಜಪ.

ಆ ಮೇ ತಿಂಗಳ ಒಂದು ರಾತ್ರಿ, ಹತ್ತರ ಸುಮಾರಿಗೆ, ಇಬ್ಬರೂ ಗಚ್ಚಿಗೆ ಹೋದೆವು. ಚಿತ್ತಾ ಕಂಡಿತು. ಹಸ್ತಾ ಕಷ್ಟಪಟ್ಟು ಕಂಡಿತು. ಕಾಕುವಿನ ಬೆರಳು ಅಲ್ಲಿಂದ ಕೆಳಗಿಳಿಯಿತು… ಮಬ್ಬಿನಲ್ಲಿ ನಿಂತುಬಿಟ್ಟಿತು.

"ನಿನಗ ಕಾಣಸ್ತೇನವ?"

"ಇಲ್ಲ ಕಾಕು."

"ಮದಲ ಕಾಣತಿತ್ತಾ?"

ಅವರೇ ಹೇಳಿದರು: "ನನಗೂ ಈ ಊರಿಗೆ ಬಂದಮ್ಯಾಲ ಒಮ್ಮಿನೂ ಕಂಡಿಲ್ಲ. ನನ್ನ ಕಣ್ಣ ಸರಿ ಇಲ್ಲ ಅಂದ್ಕೊಂಡಿದ್ನಿ. ನಿನಗರ ಕಾಣ್ತದಲ್ಲ ಅಂತ ಸಮಾಧಾನ ಇತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ಸಂಡಿಗೆಯ ಮೇಲೆ ಸೀರೆ ಎಳೆದು ಕೆಳಗೆ ಹೊರಟರು. ನಾಚಿಕೆಯಿಂದ ನನಗೆ ಅವರ ಹಿಂದೆ ಇಳಿಯಲೂ ಆಗಲಿಲ್ಲ. ಮುಂದಿನ ಬೇಸಿಗೆಗೆ ಅಲಿಬಾಗ್ ಕಡೆ ಸಮುದ್ರದ ದಂಡೆಗೆ ಕರೆದೊಯ್ಯುತ್ತೇನೆ, ಅಲ್ಲಿ ಕತ್ತಲೆ ಇರುತ್ತದೆ ಎಂದು ಮರುದಿನ ಮಾತು ಕೊಟ್ಟೆ. "ಹೋಗೂಣಂತ" ಎಂದರು.

ಮುಂದಿನ ಬೇಸಿಗೆ ಬಂತು. ನನಗೆ ರಜೆ ಸಿಗಲಿಲ್ಲ. ಸಿಗಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ, ನಾನು ಕೇಳಲೇ ಇಲ್ಲ. ಅವರೂ ನೆನಪಿಸಲಿಲ್ಲ. ಆ ವರ್ಷ ಜುಲೈಯ ಮಳೆಯಲ್ಲಿ ಎರಡು ದಿನದ ಜ್ವರಕ್ಕೆ ಹೋಗಿಬಿಟ್ಟರು…

ಕನ್ನಡಕ ಸಿಕ್ಕ ವಾರವೇ ನಾನೊಬ್ಬಳೇ ಅಲಿಬಾಗ್‌ಗೆ ಹೋದೆ. ರಾತ್ರಿ ದಂಡೆಯ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ನಿಂತೆ. ದಿಗಂತದಿಂದ ಚಾಚಿದ ಕೈಯ ಒಂದು ಮುಷ್ಟಿಯಷ್ಟು ಮೇಲೆ, ಸಣ್ಣ ಗಾಳಿಪಟದಂತೆ ನಾಲ್ಕು ಚುಕ್ಕಿ. ಎಡಕ್ಕೆ ಅದನ್ನು ತೋರಿಸಲೆಂದೇ ಇರುವಂತೆ ಕಿನ್ನರ ಪುಂಜದ ಎರಡು ದೊಡ್ಡ ಚುಕ್ಕಿ. ಹುಡುಕುವ ಕಷ್ಟವೇ ಇರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ.

ಮನೆಯಿಂದ ಅಲ್ಲಿಗೆ ಒಂದು ಲೋಕಲ್, ಒಂದು ಲಾಂಚ್, ಒಂದು ರಿಕ್ಷಾ. ಆ ಹೊಸ ಕಣ್ಣು ಇಟ್ಟುಕೊಂಡು ಕಾಕು ಹದಿನಾರು ತಿಂಗಳು ನಮ್ಮ ಎದುರು ಮನೆಯಲ್ಲೇ ಇದ್ದರು.