ನಡುಗಡ್ಡೆಗೆ ಸೊಪ್ಪು ಕಟ್ಟಿದ್ದು

ನನಗೆ ಮೂಗಿನ ತುದಿಯಲ್ಲೇ ಕೋಪ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮೇಷ್ಟರ ಕೆಲಸದಲ್ಲಿ ನಾನು ಎದೆಯುಬ್ಬಿಸಿ ಹೇಳಿಕೊಳ್ಳುವ ಒಂದೇ ಒಂದು ಸಂಗತಿ ಕೋಪದಿಂದಲೇ ಶುರುವಾದದ್ದು.

ತೊಂಬತ್ತರ ದಶಕದ ನಡುವಿನ ಮಾತು. ಮನೆ ನಂಜನಗೂಡಿನಲ್ಲಿ, ಶಾಲೆ ತಿ. ನರಸೀಪುರ ದಾಟಿ ಕಾವೇರಿ ದಂಡೆಯ ಹಳ್ಳಿಯೊಂದರಲ್ಲಿ. ಮನೆಯವರು ತಾಂಡ್ಯದ ಕಾರ್ಖಾನೆಯ ಶಿಫ್ಟಿಗೆ ಹೊರಟ ಹಿಂದೆಯೇ ನಾನೂ ಬುತ್ತಿ ಕಟ್ಟಿಕೊಂಡು ಬಸ್ಸು ಹಿಡಿಯುತ್ತಿದ್ದೆ. ಆ ವರ್ಷ ಶಿಕ್ಷಕರ ತರಬೇತಿಯಲ್ಲಿ ನನಗೆ ಸಮುದ್ರದ ಜೀವಿಗಳ ಬಣ್ಣದ ಚಾರ್ಟೊಂದು ಸಿಕ್ಕಿತು. ತಿಮಿಂಗಿಲ, ಕಡಲಾಮೆ, ದ್ವೀಪದ ಮರಳಿನಲ್ಲಿ ಮೊಟ್ಟೆಯಿಡುವ ಹಕ್ಕಿಗಳು. ಏಳನೇ ತರಗತಿಯ ಗೋಡೆಗೆ ಅದನ್ನು ತೂಗುಹಾಕುತ್ತಿದ್ದಾಗ ಹೆಡ್‌ಮಾಸ್ಟರು ಬಾಗಿಲಲ್ಲಿ ಬಂದು ನಿಂತರು.

"ಈ ಮಕ್ಳು ಮೈಸೂರನ್ನೇ ನೆಟ್ಟಗೆ ನೋಡಿಲ್ಲ ಮೇಡಂ. ಇವಕ್ಕೆ ಸಮುದ್ರ ಯಾಕೆ? ಪರೀಕ್ಷೆಗೆ ಬರೋದನ್ನ ಹೇಳ್ಕೊಡಿ," ಎಂದರು.

ನನಗೆ ಉರಿದುಹೋಯಿತು. ಸಮುದ್ರವನ್ನು ಕಣ್ಣಾರೆ ಕಂಡವರು ಆ ಶಾಲೆಯಲ್ಲಿ ಯಾರೂ ಇರಲಿಲ್ಲ, ನನ್ನನ್ನೂ ಸೇರಿಸಿ. ಕಾಣದ್ದನ್ನು ಕಾಣಿಸುವುದಕ್ಕಲ್ಲದೆ ಶಾಲೆ ಇನ್ಯಾತಕ್ಕೆ? "ನಾಳೆ ಎಲ್ಲರೂ ಮನೆಯಿಂದ ಹಗ್ಗ ತನ್ನಿ," ಎಂದು ಮಕ್ಕಳಿಗೆ ಹೇಳಿದೆ.

ಹಳ್ಳಿಯ ಮಕ್ಕಳಿಗೆ ಹಗ್ಗ ಎಂದರೆ ಯಾವುದು? ಕೊಟ್ಟಿಗೆಗೆ ಹೋಗಿ, ದನ ಕಟ್ಟಿದ ಹಗ್ಗಗಳನ್ನೇ ಬಿಚ್ಚಿಕೊಂಡು ಬಂದಿದ್ದರು. ಅವನ್ನೆಲ್ಲ ಗಂಟುಹಾಕಿ ಅಂಗಳದಲ್ಲಿ ನೀಲಿ ತಿಮಿಂಗಿಲವನ್ನು ಹಾಸಿದೆವು. ಮೂತಿ ಧ್ವಜಕಂಬದ ಬಳಿ, ಬಾಲ ಹೆಡ್‌ಮಾಸ್ಟರ ಸ್ಕೂಟರಿನ ಬಳಿ. ಇಡೀ ತರಗತಿ ಅದರ ಹೊಟ್ಟೆಯೊಳಗೆ ಕೂತು ಮಗ್ಗಿ ಹೇಳಿತು. ಆ ಹೊತ್ತಿಗೆ ಊರ ದನಗಳೆಲ್ಲ ಗದ್ದೆಗೆ ನುಗ್ಗಿದ್ದವು.

ಮೊದಲು ಬಂದವರು ಮೂರು ಎಮ್ಮೆ ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದ ಒಬ್ಬ ಅಜ್ಜಿ. ಅವರ ಮೊಮ್ಮಗಳು ನನ್ನ ತರಗತಿಯಲ್ಲೇ ಇದ್ದಳು.

"ಟೀಚರಮ್ಮ, ನಮ್ ಎಮ್ಮೆ ಪಕ್ಕದೋರ್ ಕಬ್ಬೊಳಗವೆ. ಅಗ್ಗ ಎಲ್ಲಿ?" ಎಂದು ಸೊಂಟಕ್ಕೆ ಕೈಯಿಟ್ಟು ನಿಂತರು.

ತಿಮಿಂಗಿಲದ ಬಾಲ ಬಿಚ್ಚಿ ಕೊಟ್ಟೆ. ಮುಂದಿನ ಅರ್ಧಗಂಟೆಯಲ್ಲಿ ಉಳಿದ ತಿಮಿಂಗಿಲವೂ ತುಂಡುತುಂಡಾಗಿ ಊರು ಸೇರಿತು. ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಂಡರು.

ಆದರೆ ಮಕ್ಕಳಿಗೆ ಸಮುದ್ರ ಹಿಡಿಸಿಬಿಟ್ಟಿತ್ತು. ಹಡಗಿನಲ್ಲಿ ಬಂದ ಇಲಿಗಳೂ ಮೇಕೆಗಳೂ ದೂರದ ದ್ವೀಪಗಳ ಹಕ್ಕಿಗಳನ್ನು ಹೇಗೆ ನಿರ್ವಂಶ ಮಾಡಿದವು ಎಂದು ನಾನು ಹೇಳುತ್ತಿದ್ದಾಗ ಅಜ್ಜಿಯ ಮೊಮ್ಮಗಳು ಎದ್ದು ನಿಂತಳು.

"ಮಿಸ್, ನಮ್ ಒಳೆ ನಡುಗಡ್ಡೇಲೂ ಅಂಗೇ ಮರಳಲ್ಲಿ ಮೊಟ್ಟೆ ಅವೆ. ನಮ್ ಎಮ್ಮೆ ತುಳಿತವೆ."

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಹೋದೆವು. ಬೇಸಿಗೆಯ ಹೊಳೆ ಮೊಣಕಾಲುದ್ದ. ನಡುಗಡ್ಡೆಯ ಮೇಲೆ ಕಾಲಿಡುತ್ತಿದ್ದಂತೆ ಹಳದಿ ಕೊಕ್ಕಿನ, ಕಪ್ಪು ಟೋಪಿಯ ಹಕ್ಕಿಗಳು ಕಿರುಚುತ್ತ ನಮ್ಮ ನೆತ್ತಿಗೇ ಎರಗಿದವು. ಪುಸ್ತಕದಲ್ಲಿ ಅವುಗಳ ಹೆಸರು ಹೊಳೆ ರೀವ. ನನ್ನ ಚಾರ್ಟಿನಲ್ಲಿದ್ದ ಕಡಲ ಹಕ್ಕಿಗಳ ದಾಯಾದಿಗಳೇ. ಗೂಡೂ ಇಲ್ಲ ಏನೂ ಇಲ್ಲ, ಮರಳಿನ ಕುಳಿಯಲ್ಲಿ ಮರಳಿನದೇ ಬಣ್ಣದ ಮೊಟ್ಟೆಗಳು. ಒಂದು ಕುಳಿಯಲ್ಲಿ ಗೊರಸಿನ ಗುರುತೂ ಅಂಟಂಟಾದ ಚಿಪ್ಪೂ ಇದ್ದವು. ಮಕ್ಕಳು ಅದರ ಸುತ್ತ ಬಗ್ಗಿ ನೋಡಿದರು. ಮರಿಗಳು ಹಾರುವವರೆಗೆ ಉಳಿದ ಕುಳಿಗಳನ್ನು ಕಾಯಬೇಕು ಎಂದು ಅಲ್ಲೇ ತೀರ್ಮಾನವಾಯಿತು. ನಾನು ಸಮುದ್ರದ ಪಾಠ ಮಾಡಿದ್ದು ದಂಡವಾಗುತ್ತದೋ ಇಲ್ಲವೋ ಎಂಬುದು ಆ ಮೊಟ್ಟೆಗಳ ಮೇಲೆ ನಿಂತಿತ್ತು.

ಸೋಮವಾರ ಬಸ್ಸಿಳಿದಾಗ ಮಕ್ಕಳ ಮುಖವೆಲ್ಲ ಹಿಗ್ಗು. ಕಾವಲಿಗೆ ಆ ಬೆಳಗಿನ ಜಾವವೇ ಏರ್ಪಾಟು ಮಾಡಿದ್ದರಂತೆ. ಬಂದು ನೋಡಿ ಎಂದು ಕೈಹಿಡಿದು ಎಳೆದೊಯ್ದರು. ದಡದಿಂದಲೇ ಕಂಡಿತು. ನಡುಗಡ್ಡೆಯ ಮಧ್ಯೆ ಹಳೆಯ ಯೂನಿಫಾರಂ ಶರ್ಟು ತೊಟ್ಟು, ಸುಣ್ಣ ಬಳಿದ ಮಡಕೆಯ ತಲೆ ಹೊತ್ತ ಬೆದರುಬೊಂಬೆ ಕೈಚಾಚಿ ನಿಂತಿತ್ತು. ಭತ್ತ ಬೆಳೆಯುವ ಊರಿನ ಮಕ್ಕಳು, ಕಾಯುವುದೆಂದರೆ ಅವರಿಗೆ ಗೊತ್ತಿದ್ದದ್ದು ಅದೊಂದೇ. ಎಮ್ಮೆಯೊಂದು ಬೊಂಬೆಯ ಕೋಲಿಗೆ ಹಾಯಾಗಿ ಬೆನ್ನು ತಿಕ್ಕಿಕೊಳ್ಳುತ್ತಿತ್ತು. ಹಕ್ಕಿಗಳು ಮಾತ್ರ ಮೇಲೆ ಸುತ್ತುತ್ತಿದ್ದವು, ಒಂದೂ ಇಳಿಯುತ್ತಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು.

"ಮಿಸ್, ತಾಯಿಗೂ ಬೊಂಬೆ ಅಂದ್ರೆ ಬಯ," ಎಂದಳು ಮೊಮ್ಮಗಳು.

ಬಿಸಿಲು ಏರುತ್ತಿತ್ತು. ಸೀರೆ ಎತ್ತಿಕಟ್ಟಿ ಹೊಳೆಗೆ ಇಳಿದೆ, ಹಿಂದೆ ಮಕ್ಕಳು. ಇಬ್ಬರು ಎಮ್ಮೆಗಳನ್ನು ಅಟ್ಟಿದರು, ಉಳಿದವರು ಬೊಂಬೆಯನ್ನು ಕಿತ್ತು ಹೆಣ ಹೊತ್ತಂತೆ ಹೊತ್ತು ತಂದರು. ದಡದ ಹೊಂಗೆಮರದ ಕೆಳಗೆ ಉಸಿರು ಬಿಗಿಹಿಡಿದು ಕೂತೆವು. ಸ್ವಲ್ಪ ಹೊತ್ತಿಗೆ ಒಂದು ಹಕ್ಕಿ ಇಳಿದು ನೀರಿಗೆ ಹೊಟ್ಟೆ ತಾಗಿಸಿ, ಒದ್ದೆ ಗರಿಯಲ್ಲೇ ಹೋಗಿ ಮೊಟ್ಟೆಗಳ ಮೇಲೆ ಕೂತಿತು. ಕಾದ ಮೊಟ್ಟೆಗೆ ತಂಪು ಕೊಡಲು ಅವು ಹಾಗೆ ಮಾಡುತ್ತವೆ. ಅದನ್ನು ಓದಿದ್ದೆ, ನೋಡಿದ್ದು ಅಂದೇ. ನನಗೆ ಅಳು ಬಂತು, ಮಕ್ಕಳ ಮುಂದೆ ಅತ್ತೂಬಿಟ್ಟೆ.

ಸಂಜೆ ಅಜ್ಜಿಯ ಕೊಟ್ಟಿಗೆಗೆ ಹೋಗಿ ಎಮ್ಮೆಗಳನ್ನು ಹೊಳೆಗೆ ಬಿಡಬೇಡಿ ಎಂದೆ.

"ನಿಮ್ ಅಕ್ಕಿಮೊಟ್ಟೆ ಕಾಯಕ್ಕೋಗಿ ನಮ್ ಎಮ್ಮೆ ಒಟ್ಟೆಗೆ ಮಣ್ಣಾಕನಾ?" ಎಂದರು ಅವರು. "ಈ ಬಿಸ್ಲಲ್ಲಿ ಅಸ್ರು ಅಂತ ಇರೋದು ಆ ಗಡ್ಡೇಲಿ ಮಾತ್ರ. ಅದೂ ಬ್ಯಾಡ ಅಂದ್ರೆ ಆಲು ನೀವ್ ಕರೀತೀರಾ?"

ಜಗಳಕ್ಕೆಂದೇ ಹೋದವಳು ನಾನು, ಅವರ ಮಾತು ಕೇಳಿ ಕೋಪ ಸೋರಿಹೋಯಿತು. ನಿಜವೇ ತಾನೇ. ಮೊಮ್ಮಗಳೇ ದಾರಿ ತೆಗೆದಳು. "ಅಜ್ಜಿ, ಕಬ್ಬು ಕಡೀತಾವ್ರೆ. ನಾವೆಲ್ಲ ದಿನಾ ಸೋಗೆ ತಂದ್ ಆಕ್ತೀವಿ."

ಅಜ್ಜಿ ಎಮ್ಮೆಯ ಬೆನ್ನು ತಟ್ಟಿದರು. "ಒಂದಿನ ತಪ್ಪುದ್ರೂ ಎಮ್ಮೆ ಒಳೆಗೇ ಓಗದು," ಎಂದರು.

ಒಂದು ದಿನವೂ ತಪ್ಪಲಿಲ್ಲ. ಸಂಜೆಯಾದರೆ ಮಕ್ಕಳು ತಲೆಯ ಮೇಲೆ ಕಬ್ಬಿನ ಸೋಗೆ ಹೊತ್ತು ಸಾಲಾಗಿ ಬರುತ್ತಿದ್ದರು. ಇನ್ನುಳಿದದ್ದು ಊರ ಬೇರೆ ದನಗಳ ಮಾತು. ನಾವು ರಟ್ಟಿನ ಮೇಲೆ ದೊಡ್ಡಕ್ಷರದಲ್ಲಿ ಎಚ್ಚರಿಕೆ ಬರೆಯುತ್ತಿದ್ದಾಗ ಹೆಡ್‌ಮಾಸ್ಟರು ಬಂದು ಇಣುಕಿದರು. ಅವರು ಬನ್ನೂರು ಕಡೆಯ ರೈತರ ಮನೆಯಲ್ಲಿ ಬೆಳೆದವರು.

"ಬೋರ್ಡು ಯಾರು ಓದ್ತಾರೆ ಮೇಡಂ? ಸೊಪ್ಪು ಕಟ್ಸಿ," ಎಂದರು.

ನಮ್ಮ ಕಡೆ ಯಾರಾದರೂ ತಮ್ಮ ಹೊಲದ ಹುಲ್ಲನ್ನು ಕಾಯ್ದಿಟ್ಟುಕೊಂಡರೆ ಬದುವಿನಲ್ಲಿ ಕೋಲು ನೆಟ್ಟು, ತುದಿಗೆ ಹಿಡಿ ಸೊಪ್ಪು ಕಟ್ಟುತ್ತಾರೆ. ಅದನ್ನು ಕಂಡವರು ಒಳಗೆ ದನ ಬಿಡುವುದಿಲ್ಲ. ಹೊಲಕ್ಕೆ ಕಟ್ಟುವ ಸೊಪ್ಪನ್ನು ಹೊಳೆಗೆ ಯಾರೂ ಕಟ್ಟಿರಲಿಲ್ಲ. ಪರೀಕ್ಷೆಗೆ ಬರದ ಆ ಕೆಲಸಕ್ಕೆ ಹೆಡ್‌ಮಾಸ್ಟರು ಪ್ಯಾಂಟು ಮಡಚಿಕೊಂಡು ತಾವೇ ಬಂದರು. ದನ ನೀರಿಗಿಳಿಯುವ ದಾರಿಯುದ್ದಕ್ಕೂ ಕೋಲು ನೆಟ್ಟು ಹೊಂಗೆಸೊಪ್ಪು ಕಟ್ಟಿದೆವು. ದನ ಕಾಯುವವರು ಬಂದು, ನಿಂತು, ತಲೆ ಕೆರೆದುಕೊಂಡು, ದನಗಳನ್ನು ಬೇರೆ ಕಡೆಗೆ ಹೊಡೆದುಕೊಂಡು ಹೋದರು. ಒಬ್ಬರೂ ಯಾಕೆಂದು ಕೇಳಲಿಲ್ಲ.

ಪರೀಕ್ಷೆ ಮುಗಿಯಿತು, ಏಪ್ರಿಲ್ ಹತ್ತಕ್ಕೆ ಫಲಿತಾಂಶವೂ ಆಯಿತು. ರಜೆಯಲ್ಲೂ ನಾನು ಬಸ್ಸು ಹತ್ತುತ್ತಿದ್ದೆ. "ಬಾಣಂತನಕ್ಕೆ ಹೊರಟೆಯಾ?" ಎಂದು ಮನೆಯವರು ಗೇಲಿ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಮರಳೇ ಎದ್ದು ಓಡಾಡಿದಂತೆ ಕಂಡಿತು. ಮರಿಗಳು. ಮತ್ತೆ ಕೆಲವು ವಾರಗಳಿಗೆ ಅವುಗಳಲ್ಲಿ ಒಂದು ರೆಕ್ಕೆ ಬಡಿದು, ಮುಗ್ಗರಿಸಿ, ಮತ್ತೆ ಬಡಿದು, ಹೊಳೆಯ ಮೇಲೆ ಹಾರಿಯೇಬಿಟ್ಟಿತು. ಸದ್ದು ಮಾಡಬಾರದೆಂದು ನಾನು ತಾಕೀತು ಮಾಡಿದ್ದೆನಲ್ಲ, ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಶಾಲೆಯ ಅಂಗಳದವರೆಗೂ ಓಡಿದರು. ಅಲ್ಲಿ ಅವರು ಹಾಕಿದ ಕೇಕೆಗೆ ಊರೇ ಹೊರಬಂತು. ನನ್ನ ಜನ್ಮದಲ್ಲಿ ಅಷ್ಟು ಸಂತೋಷ ನಾನು ಪಟ್ಟಿರಲಿಲ್ಲ.

ಮರುವರ್ಷ ಅದೇ ಹೊತ್ತಿಗೆ ಹೊಸ ಏಳನೇ ತರಗತಿಯನ್ನು ಕರೆದುಕೊಂಡು ಹೊಳೆಗೆ ಹೋದೆ. ಮೊಟ್ಟೆಗಳನ್ನು ಹತ್ತಿರದಿಂದ ತೋರಿಸುವ ಆಸೆ. ಚಪ್ಪಲಿ ಬಿಟ್ಟು ಒಂದು ಕಾಲನ್ನು ನೀರಿಗಿಟ್ಟಿದ್ದೆ.

"ಟೀಚರಮ್ಮ."

ಹೊಂಗೆಮರದ ಬುಡದಲ್ಲಿ ಅಜ್ಜಿ ಕೂತಿದ್ದರು. ಮೂರೂ ಎಮ್ಮೆಗಳು ನೆರಳಿನಲ್ಲಿ ಸೋಗೆ ಮೆಲ್ಲುತ್ತಿದ್ದವು.

"ಸೊಪ್ಪು ಕಟ್ಟಿರದು ಕಾಣಕಿಲ್ವಾ? ಅಕ್ಕಿ ಕಾವಿಗೆ ಕೂತವೆ. ಇತ್ಲಾಗ್ ಬನ್ನಿ."

ತಿರುಗಿ ನೋಡಿದೆ. ದಾರಿಯುದ್ದಕ್ಕೂ ಕೋಲು, ಕೋಲಿನ ತುದಿಯಲ್ಲಿ ಅಂದೇ ಕಿತ್ತ ಹಸಿ ಸೊಪ್ಪು. ಯಾರಿಗೂ ಅದನ್ನು ಕಟ್ಟಲು ನಾನು ಹೇಳಿರಲಿಲ್ಲ. ನೀರಿನಿಂದ ಕಾಲು ತೆಗೆದು, ಮಕ್ಕಳನ್ನೆಲ್ಲ ಅಜ್ಜಿಯ ಮುಂದೆ ಕೂರಿಸಿ, ನಾನೂ ಅವರ ನಡುವೆ ಜಾಗ ಮಾಡಿಕೊಂಡು ಕೂತೆ. ಆವತ್ತಿನ ಪಾಠವನ್ನು ಅಜ್ಜಿಯೇ ಮಾಡಿದರು.