ಕಾರ್ಯಾಗಾರದಿಂದ ಬಂದ ವಾಮನಣ್ಣ

ಕಾರ್ಯಾಗಾರಕ್ಕೆ ಹೋಗಿ ಬಂದ ದಿನ ವಾಮನಣ್ಣ ಕೊರಳಿಗೆ ಹಾಕಿಸಿಕೊಂಡ ಹೆಸರಿನ ಕಾರ್ಡನ್ನು ಅಂಗಡಿ ಮುಚ್ಚುವವರೆಗೂ ತೆಗೆಯುತ್ತಿರಲಿಲ್ಲ. ಬಂದರಿನಲ್ಲಿ ಅವರದು ಔಷಧಿಯ ಸಗಟು ವ್ಯಾಪಾರ. ನಾನು ಅಲ್ಲಿಂದ ಕ್ಲಿನಿಕ್ಕುಗಳಿಗೆ ಸರಕು ತಲುಪಿಸುತ್ತಿದ್ದೆ. ಧಾರಾಳ ಮನುಷ್ಯ. ಎಲ್ಲರಿಗೂ ತಿನ್ನಲು ಬಿಸಿ ಗೋಳಿಬಜೆ ತಂದು, ಅದು ತಣಿದು ಹೋಗುವವರೆಗೆ ಕಲಿತದ್ದನ್ನೆಲ್ಲ ಹೇಳುತ್ತಿದ್ದರು.

ಒಮ್ಮೆ ಹೀಗೆಂದರು: "ತಪ್ಪಾದ್ರೆ ಬಂದು ಹೇಳಿ. ಇನ್ನು ನಮ್ಮಲ್ಲಿ ಯಾರಿಗೂ ಬೈಲಿಕ್ಕಿಲ್ಲ. ಗೊತ್ತಾದ್ರೆ ಅಲ್ವಾ ಸರಿ ಮಾಡ್ಲಿಕ್ಕೆ ಆಗುದು?" ನಾವು ಮನಸಾರೆ ಚಪ್ಪಾಳೆ ತಟ್ಟಿದೆವು.

ಶನಿವಾರ ಕೊನೆಗೆ ಹೊರಡುವವರು ಸ್ವಿಚ್ಚುಗಳನ್ನೆಲ್ಲ ಆರಿಸಿ ಬೀಗ ಹಾಕುವುದು ನಮ್ಮ ರೂಢಿ. ಆ ವಾರ, ಅಂಗಡಿಯ ಹಳಬರಾದ ಜೆಸಿಂತಾಬಾಯಿ ಕೈತಪ್ಪಿ ಲಸಿಕೆಯ ಫ್ರಿಜ್ಜನ್ನೂ ಆರಿಸಿಬಿಟ್ಟರು. ಸೋಮವಾರ ತಾವಾಗಿಯೇ ಹೋಗಿ ಹೇಳಿದರು. ವಾಮನಣ್ಣ ಗಿರಾಕಿಗಳ ಎದುರೇ ಅವರ ಮೇಲೆ ಹರಿಹಾಯ್ದರು. ನಾನು ಹೊಸ ಕ್ರಮವನ್ನು ನೆನಪಿಸಿದೆ. "ಬೈಲಿಕ್ಕಿಲ್ಲ ಅಂದದ್ದು ಸಣ್ಣ ತಪ್ಪಿಗೆ. ಇದೆಂತ ಸಣ್ಣದಾ?" ಎಂದರು. ಲಸಿಕೆಯನ್ನೆಲ್ಲ ಎಸೆಯಬೇಕಾಯಿತು. ಆ ಸ್ವಿಚ್ಚಿನ ಮೇಲೆ ಟೇಪಾದರೂ ಅಂಟಿಸೋಣವೆಂದರೆ, "ಆಮೇಲೆ ನೋಡುವ."

ಬೇಸಿಗೆಯಲ್ಲಿ ಇನ್ಯಾರೋ ಅದೇ ತಪ್ಪು ಮಾಡಿದರು. ಸೋಮವಾರ ಸದ್ದಿಲ್ಲದೆ ಸ್ವಿಚ್ಚು ಹಾಕಿದರು. ಕೆಟ್ಟ ಲಸಿಕೆ ನೋಡಲು ಒಳ್ಳೆಯದರ ಹಾಗೆಯೇ ಇರುತ್ತದೆ. ಏನೂ ತಿಳಿಯದೆ ಅದನ್ನು ಉರ್ವದ ಕ್ಲಿನಿಕ್ಕಿಗೆ ನಾನೇ ಕೊಟ್ಟು ಬಂದೆ. ಸ್ವಿಚ್ಚು ಹಾಕಿದ್ದನ್ನು ಬೆಳಿಗ್ಗೆ ಕಂಡಿದ್ದ ಜೆಸಿಂತಾಬಾಯಿ ಸಂಜೆ ನನಗೆ ವಿಷಯ ತಿಳಿಸಿದರು.

"ಬೆಳಿಗ್ಗೆಯೇ ಯಾಕೆ ಹೇಳ್ಲಿಲ್ಲ ಬಾಯಿ?"

"ಹೇಳಿದ್ರೆ ಎಂತ ಸಿಗ್ತದೆ ಅಂತ ನನಗೆ ಗೊತ್ತುಂಟಲ್ಲ?"

ಅಂಗಡಿಯ ಸ್ಕೂಟರು ಹತ್ತಿ ಓಡಿದೆ. ಅಷ್ಟರಲ್ಲಿ ಎರಡು ಕೂಸುಗಳಿಗೆ ಚುಚ್ಚಿ ಆಗಿತ್ತು. ಅವರನ್ನು ಕರೆಸಿ ಮತ್ತೊಮ್ಮೆ ಚುಚ್ಚಬೇಕೆಂದು ಡಾಕ್ಟರು ಹೇಳಿದಾಗ ಭೂಮಿಗಿಳಿದು ಹೋದೆ.

ಮರುದಿನ ವಾಮನಣ್ಣ ನಮ್ಮನ್ನೆಲ್ಲ ಸೇರಿಸಿ ಕೇಳಿದರು: "ಯಾರೂ ಯಾಕೆ ಬಾಯಿ ಬಿಡ್ಲಿಲ್ಲ?" ಜೆಸಿಂತಾಬಾಯಿಗೆ ಆದದ್ದನ್ನು ಕಂಡ ಮೇಲೆ ಯಾರು ಬಿಡುತ್ತಾರೆ ಎಂದೆ. "ಅದನ್ನು ಎಲ್ಲರ ಎದುರು ಹೇಳುದಾ ನೀನು?" ಎಂದು ನನಗೂ ಬೈದರು. ಆ ತಿಂಗಳು ಮುಗಿಸಿ ಕೆಲಸ ಬಿಟ್ಟೆ.

ಅವರು ಕೊನೆಯ ಸಲ ಸಿಕ್ಕಿದ್ದು ಕೊಟ್ಟಾರದಲ್ಲಿ, ನಾನು ಬಸ್ಸಿಗೆ ಕಾಯುತ್ತಿದ್ದಾಗ. ಹತ್ತಿರದ ಹೋಟೆಲಿನಲ್ಲಿ ಇನ್ನೊಂದು ಕಾರ್ಯಾಗಾರ ಮುಗಿಸಿ ಬಂದಿದ್ದರು. ಕೋಪವೆಲ್ಲ ಮರೆತು ನನ್ನ ಭುಜ ಹಿಡಿದರು.

"ಇವತ್ತು ಒಳ್ಳೆ ವಿಷಯ ಹೇಳಿದ್ರು ಮಾರಾಯ. ಕೆಲಸದವರು ಹೇಳುದನ್ನು ಪೂರ್ತಿ ಕೇಳ್ಬೇಕಂತೆ."

"ವಾಮನಣ್ಣ, ಆ ಫ್ರಿಜ್ಜಿನ ಸ್ವಿಚ್ಚಿಗೆ ಈಗಲಾದ್ರೂ..." ಎಂದೆ.

"ನಿಲ್ಲು, ಮೊದಲು ನಾನು ಹೇಳಿ ಮುಗಿಸ್ತೇನೆ."

ಅವರು ಮುಗಿಸುವ ಮೊದಲೇ ನನ್ನ ಬಸ್ಸು ಬಂತು.